ಡಿಸ್ಪೋಸಲ್ ಲಾರಿಯ ಋಣ

ನಮ್ಮ ಕಡೆ ‘ಡಿಸ್ಪೋಸಲ್’ ಎಂದರೆ ಒಂದೇ ಅರ್ಥ: ಮಿಲಿಟರಿಯವರು ಬಳಸಿ ಕೈಬಿಟ್ಟ ಗಾಡಿ. ಶನಿವಾರಸಂತೆ, ಕೊಡ್ಲಿಪೇಟೆ, ಅದರಾಚೆಯ ಸಕಲೇಶಪುರ ಸೀಮೆಯ ಕಾಫಿ ತೋಟಗಳಿಗೆ ಎರಡನೆಯ ಮಹಾಯುದ್ಧದ ಜೀಪುಗಳ ಕಾಲದಿಂದಲೂ ಇಂಥ ಗಾಡಿಗಳ ಪರಿಚಯವಿದೆ. ಜೂನ್ ಬಂದರೆ ತೋಟದ ದಾರಿ ದಾರಿಯಾಗಿ ಉಳಿಯುವುದಿಲ್ಲ. ನಾಲ್ಕೂ ಚಕ್ರಕ್ಕೆ ಎಳೆತವಿರುವ ಗಾಡಿ ಇದ್ದವನು ಸಿಲ್ವರ್ ಓಕ್ ದಿಮ್ಮಿಗಳನ್ನು ಹೊರಗೆ ತರುತ್ತಾನೆ. ಇಲ್ಲದವನು ಮಳೆ ನಿಲ್ಲುವುದನ್ನು ಕಾಯುತ್ತಾನೆ. ಕಾದು ಕಾದು ಬೇಸತ್ತ ನನ್ನ ಚಿಕ್ಕಪ್ಪ 2011ರ ಮೇ ತಿಂಗಳಲ್ಲಿ ಪುಣೆಯ ಹತ್ತಿರದ ಒಬ್ಬ ವ್ಯಾಪಾರಿಯಿಂದ ಶಕ್ತಿಮಾನ್ ಲಾರಿಯೊಂದನ್ನು ಕೊಂಡರು. ಎಂಟನೆಯ ತರಗತಿ ಮುಗಿಸಿ ಮನೆಯಲ್ಲಿದ್ದ ನನ್ನನ್ನು ‘ಸಂಬಳವಿಲ್ಲದ ಕ್ಲೀನರ್’ ಎಂದು ಜೊತೆಗೆ ಕರೆದೊಯ್ದರು.

ಈಗ ನಾನು ತತ್ತ್ವಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಒಡೆತನದ ನೈತಿಕತೆ ನನ್ನ ವಿಷಯ. ಈ ವಿಷಯವನ್ನೇ ಏಕೆ ಆರಿಸಿಕೊಂಡಿರಿ ಎಂದು ಸೆಮಿನಾರುಗಳಲ್ಲಿ ಯಾರಾದರೂ ಕೇಳಿದರೆ ಜಾನ್ ಲಾಕ್‌ನಿಂದ ಶುರು ಮಾಡುತ್ತೇನೆ. ಅದು ಪೂರ್ತಿ ನಿಜವಲ್ಲ. ಶುರುವಾದದ್ದು ಆ ಲಾರಿಯಿಂದ.

ಶಕ್ತಿಮಾನನ್ನು ನೋಡದವರಿಗೆ ಎರಡು ಮಾತು. ಜರ್ಮನಿಯ ಎಂ.ಎ.ಎನ್. ಕಂಪನಿಯ ಪರವಾನಗಿಯ ಮೇಲೆ ಜಬಲ್ಪುರದಲ್ಲಿ ತಯಾರಾದ ಈ ಲಾರಿ 1950ರ ದಶಕದ ಕೊನೆಯಿಂದ 1990ರ ದಶಕದವರೆಗೆ ನಮ್ಮ ಸೈನ್ಯದ ಎತ್ತಿನಗಾಡಿಯಾಗಿತ್ತು. 1965 ಮತ್ತು 1971ರ ಯುದ್ಧಗಳಲ್ಲಿ ಓಡಿದ್ದು ಇದೇ ತಳಿ. ಮುಂದಕ್ಕೆ ಚಾಚಿದ ಮೂತಿ, ಹಿಂದೆ ಕ್ಯಾನ್ವಾಸ್ ಹೊದಿಕೆ, ಜವಾನರು ಎದುರುಬದುರು ಕೂರಲು ಎರಡೂ ಬದಿಗೆ ಮಡಚುವ ಹಲಗೆ ಬೆಂಚು. ರಿಪೇರಿಯ ಖರ್ಚು ಗಾಡಿಯ ಬೆಲೆಯನ್ನು ಮೀರುತ್ತದೆ ಎನಿಸಿದಾಗ ಸೈನ್ಯ ಅದನ್ನು ಹರಾಜಿಗೆ ಹಾಕುತ್ತದೆ. ಹರಾಜಿನಲ್ಲಿ ಹಿಡಿದ ವ್ಯಾಪಾರಿಗಳು ಒಂದಷ್ಟನ್ನು ಗುಜರಿಗೆ ಒಡೆಯುತ್ತಾರೆ, ಗಟ್ಟಿಯಿರುವುದನ್ನು ನಮ್ಮಂಥವರಿಗೆ ಮಾರುತ್ತಾರೆ.

ಕಾನೂನಿನ ಪ್ರಕಾರ ಅಲ್ಲೊಂದು ಮರುಹುಟ್ಟು ನಡೆಯುತ್ತದೆ. ಸೈನ್ಯದ ಗಾಡಿಯ ನಂಬರ್ ಪ್ಲೇಟಿನಲ್ಲಿ ಮೇಲ್ಮುಖವಾದ ಒಂದು ಬಾಣ ಇರುತ್ತದೆ, ಅದು ಹೋಗಬೇಕು. 1988ರ ಮೋಟಾರು ವಾಹನ ಕಾಯ್ದೆಯ 60ನೇ ಕಲಮಿನಂತೆ, ರಕ್ಷಣಾ ಉದ್ದೇಶಕ್ಕೆ ಬಳಸುವುದು ನಿಂತ ಗಾಡಿ ಎಲ್ಲ ಗಾಡಿಗಳ ಹಾಗೆ ಹೊಸದಾಗಿ ನೋಂದಣಿಯಾಗಬೇಕು. 1989ರ ನಿಯಮಗಳಲ್ಲಿ ಇನ್ನೊಂದು ಮಾತಿದೆ: ರಕ್ಷಣಾ ಇಲಾಖೆಗೆ ಸೇರದ ಯಾವ ಗಾಡಿಗೂ ಆಲಿವ್ ಹಸಿರು ಬಣ್ಣ ಇರಕೂಡದು. ಅಂದರೆ ಹೆಸರು, ಬಣ್ಣ ಎರಡನ್ನೂ ಕಳಚಿಟ್ಟು ಬರಬೇಕು. ವ್ಯಾಪಾರಿ ನಮ್ಮ ಲಾರಿಗೆ ತೆಳ್ಳಗೆ ಬೂದು ಪ್ರೈಮರ್ ಹೊಡೆಸಿದ್ದ. ಗೀರು ಬಿದ್ದ ಕಡೆಯೆಲ್ಲ ಒಳಗಿನ ಹಸಿರು ಇಣುಕುತ್ತಿತ್ತು.

ವಾಪಸು ಬರಲು ಮೂರು ದಿನ ಹಿಡಿಯಿತು. ಗಂಟೆಗೆ 40 ಕಿಲೋಮೀಟರ್ ದಾಟಿದರೆ ಎಂಜಿನ್ ಸದ್ದಿನಲ್ಲಿ ಪಕ್ಕದವರ ಮಾತು ಕೇಳುತ್ತಿರಲಿಲ್ಲ. ಚಿಕ್ಕಪ್ಪ ಸ್ಟೇರಿಂಗ್ ಮೇಲೆ ಎರಡೂ ಕೈಯ ಬಲ ಹಾಕಿ, ಬಾವಿಯಿಂದ ನೀರು ಸೇದುವವರ ಹಾಗೆ ತಿರುಗಿಸುತ್ತಿದ್ದರು. “ಮಿಲಿಟ್ರಿಯೋರು ಗಾಡಿನ ಮನುಷ್ಯರಿಗಿಂತ ಚೆನ್ನಾಗಿ ನೋಡ್ಕೋತಾರೆ ಕಣೋ” ಎಂದು ಘಟ್ಟ ಹತ್ತುವಾಗಲೆಲ್ಲ ಕೂಗಿ ಹೇಳುತ್ತಿದ್ದರು.

ಸಾತಾರ, ಕೊಲ್ಹಾಪುರದ ಕಡೆ ಸೈನ್ಯಕ್ಕೆ ಮಕ್ಕಳನ್ನು ಕಳಿಸಿದ ಊರುಗಳು ಬಹಳ. ಅಲ್ಲೊಂದು ಚಹಾ ಅಂಗಡಿಯ ಮುದುಕ ಲಾರಿಯ ಮೂತಿ ಕಂಡವನೇ ಎದ್ದು ಬಂದ. ಬಾನೆಟ್ ಮುಟ್ಟಿ, ಚಿಕ್ಕಪ್ಪನನ್ನು ಹಿಂದಿಯಲ್ಲಿ ಏನೋ ಕೇಳಿದ. ಚಿಕ್ಕಪ್ಪ “ಕೂರ್ಗ್” ಅಂದರು. ಮುದುಕ ಎರಡು ಲೋಟ ಚಹಾ, ಒಂದು ಪ್ಲೇಟ್ ಭಜ್ಜಿ ಕೊಟ್ಟು ದುಡ್ಡು ಬೇಡವೆಂದು ಕೈ ಆಡಿಸಿದ. ಲಾರಿ ಹತ್ತಿದ ಮೇಲೆ, ಅವನು ಏನು ಕೇಳಿದ ಎಂದೆ. “ಯಾವ ರೆಜಿಮೆಂಟು ಅಂದ. ನಾನು ಊರು ಹೇಳ್ದೆ. ಅವನಿಗೆ ಹೇಗೆ ಅರ್ಥ ಆಯ್ತೋ ಹಾಗೆ” ಎಂದು ಚಿಕ್ಕಪ್ಪ ನಕ್ಕರು. ನಾನೂ ನಕ್ಕೆ. ಭಜ್ಜಿ ಚೆನ್ನಾಗಿತ್ತು.

ಆ ರಾತ್ರಿ ಬೆಳಗಾವಿಯ ಹತ್ತಿರದ ಡಾಬಾ ಒಂದರ ಅಂಗಳದಲ್ಲಿ ಲಾರಿ ನಿಲ್ಲಿಸಿದೆವು. ಹಿಂದೆ ಮಲಗಲು ಜಾಗ ಮಾಡಿಕೊಳ್ಳೋಣವೆಂದು ಬೆಂಚನ್ನು ಮೇಲಕ್ಕೆ ಮಡಚಿದೆ. ಹಲಗೆಯ ತಳಬದಿ ಟಾರ್ಚಿನ ಬೆಳಕಿಗೆ ಬಂತು. ಅಲ್ಲಿ ಮೊಳೆಯಿಂದಲೋ ಚಾಕುವಿನಿಂದಲೋ ಕೊರೆದ ಗೆರೆಗಳಿದ್ದವು. ನಾಲ್ಕು ನೇರ ಗೆರೆ, ಅವುಗಳ ಮೇಲೆ ಒಂದು ಅಡ್ಡ ಗೆರೆ. ಅಂಥ ಎಂಟು ಕಟ್ಟು, ಕೊನೆಯಲ್ಲಿ ಮೂರು ಬಿಡಿ ಗೆರೆ. ಒಟ್ಟು 43. ಪಕ್ಕದಲ್ಲಿ ದೇವನಾಗರಿಯಲ್ಲಿ ಒಂದೇ ಪದ: ‘ಘರ್’. ಮನೆ. ಹೆಸರಿಲ್ಲ, ತಾರೀಖಿಲ್ಲ. ನಿದ್ದೆ ಬರುವವರೆಗೂ ಬೆರಳಾಡಿಸುತ್ತ ಮಲಗಿದ್ದೆ.

ಚಿತ್ರದುರ್ಗದಲ್ಲಿ ಹೆದ್ದಾರಿ ಬಿಟ್ಟು, ಹೊಸದುರ್ಗ, ಅರಸೀಕೆರೆ, ಹಾಸನ ದಾಟಿ ಮನೆ ಸೇರಿದೆವು. ಮಾರನೆಯ ದಿನದಿಂದಲೇ ಚಿಕ್ಕಪ್ಪ ಲಾರಿಯನ್ನು ನಮ್ಮದಾಗಿಸುವ ಕೆಲಸ ಶುರು ಮಾಡಿದರು. ಬಾಡಿಗೆ ಇಟ್ಟಿಗೆ ಕೆಂಪು. ಬೆಂಚಿನ ಹಲಗೆಗಳನ್ನು ಬಿಚ್ಚಿ, ಕೀಸಿ, ಕಾಫಿ ಮೂಟೆಯ ಅಡಿಗೆ ಹಾಸುವುದು. “ಚೀಲಕ್ಕೆ ಸಿಬಿರು ತಾಗಬಾರದು. ನುಣ್ಣಗೆ ಮಾಡಿದ್ರೆ ನೂರು ರೂಪಾಯಿ” ಅಂದರು. ನಾನು ಕೀಸುಳಿ ಹಿಡಿದೆ. ಆ ಹಲಗೆ ಬಂದಾಗ ಒಂದು ಕ್ಷಣ ನಿಂತದ್ದು ನೆನಪಿದೆ. ಆಮೇಲೆ ತಳ್ಳಿದೆ. ಗೆರೆಗಳು ಸುರುಳಿ ಸುರುಳಿಯಾಗಿ ಎದ್ದು ಬಂದವು. ಹಳೆಯ ಮರದ ಒಳಗಿನಿಂದ ಹೊಸ ಮರದ ವಾಸನೆ ಬಂತು. ಖುಷಿಯೇ ಆಯಿತು, ಸುಳ್ಳು ಹೇಳುವುದಿಲ್ಲ.

ಸುಳ್ಳು ಹೇಳಿದ್ದು ಆ ವಾರದ ಕೊನೆಗೆ. ನಮ್ಮೂರಲ್ಲಿ ಎಲ್ಲರೂ ‘ಮಿಲಿಟ್ರಿ ಅಜ್ಜ’ ಎನ್ನುತ್ತಿದ್ದ ಒಬ್ಬರಿದ್ದರು. ಸೈನ್ಯದಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಲಾರಿ ಓಡಿಸಿ ನಿವೃತ್ತರಾದವರು. ಶಕ್ತಿಮಾನ್ ಬಂದ ಸುದ್ದಿ ಕೇಳಿ ಕೋಲೂರಿಕೊಂಡು ಬಂದರು. ಬಣ್ಣದ ಬಗ್ಗೆ ಏನೂ ಹೇಳಲಿಲ್ಲ. ಬಗ್ಗಿ ಹಿಂದಿನ ಆಕ್ಸಲ್ ತೋರಿಸಿ, ಅಲ್ಲಿಯ ಗುಂಡುಭಾಗಕ್ಕೆ ಬಳಿದಿದ್ದ ಬಿಳಿ ಬಣ್ಣ ನೋಡು ಅಂದರು. ರಾತ್ರಿ ಹೆಡ್‌ಲೈಟ್ ಆರಿಸಿ ಸಾಲಾಗಿ ಹೋಗುವಾಗ ಗಾಡಿಯ ಅಡಿಯ ಒಂದು ಸಣ್ಣ ದೀಪ ಆ ಬಿಳುಪಿನ ಮೇಲೆ ಬೀಳುತ್ತದಂತೆ. ಹಿಂದಿನ ಗಾಡಿಯವನು ಅದೊಂದನ್ನೇ ನೋಡಿಕೊಂಡು ಬರಬೇಕಂತೆ. ಚಿಕ್ಕಪ್ಪನ ಬ್ರಷ್ ಅಲ್ಲಿಗೆ ತಲುಪಿರಲಿಲ್ಲ.

ಆಮೇಲೆ ಅಂಗಳದಲ್ಲಿ ಒಟ್ಟಿದ್ದ ಹಲಗೆಗಳ ಹತ್ತಿರ ಕೂತರು. ಒಂದೊಂದನ್ನೇ ಮಗುಚಿ ಅಂಗೈ ಸವರಿದರು. “ಇದರ ಅಡಿಗೆ ಏನಾದ್ರೂ ಬರೆದಿತ್ತಾ ಮಗಾ? ಮೇಲೆ ಬರೆದ್ರೆ ಸಾಹೇಬ್ರ ಕಣ್ಣಿಗೆ ಬೀಳುತ್ತೆ ಅಂತ ಹುಡುಗ್ರು ಅಡಿಗೇ ಕೊರೀತಿದ್ವಿ. ರಜೆ ಮಂಜೂರಾದ ಮೇಲೆ ದಿನಕ್ಕೊಂದು.”

“ಇಲ್ಲ ಅಜ್ಜ” ಅಂದೆ.

“ಹೌದಾ” ಅಂದು ಹಲಗೆಯನ್ನು ಇದ್ದ ಜಾಗಕ್ಕೇ ಇಟ್ಟರು. 2018ರಲ್ಲಿ ಅವರು ತೀರಿಕೊಂಡರು. ಅಲ್ಲಿಯವರೆಗಿನ ಏಳು ವರ್ಷದಲ್ಲಿ ದಾರಿಯಲ್ಲಿ ಸಿಕ್ಕಾಗಲೆಲ್ಲ ಹೇಳಬಹುದಿತ್ತು. ಹೇಳಲಿಲ್ಲ.

ನಾನು ಮಾಡಿದ್ದು ತಪ್ಪೆ? ತಪ್ಪಾದರೆ ಯಾವುದು ತಪ್ಪು? ಇಷ್ಟು ವರ್ಷ ಇದನ್ನು ಹಲವು ಕಡೆಯಿಂದ ತಿರುಗಿಸಿ ನೋಡಿದ್ದೇನೆ.

ಮೊದಲು ಕೀಸಿದ್ದನ್ನೇ ತೆಗೆದುಕೊಳ್ಳೋಣ. ಹಲಗೆ ನಮ್ಮದು. ಹಣ ಕೊಟ್ಟಿದ್ದೆವು, ಕಾಗದವಿತ್ತು. ಲಾಕ್ ಹೇಳುವಂತೆ ಒಬ್ಬ ತನ್ನ ದುಡಿಮೆಯನ್ನು ಬೆರೆಸಿದ ವಸ್ತುವಿನ ಮೇಲೆ ಅವನಿಗೆ ಹಕ್ಕು ಹುಟ್ಟುತ್ತದೆ ಎನ್ನುವುದಾದರೆ, ಗೆರೆ ಕೊರೆದ ಜವಾನನದೂ ಒಂದು ಬಗೆಯ ದುಡಿಮೆ ಅಲ್ಲವೆ ಎಂದು ಜಾಣತನದ ವಾದ ಹೂಡಬಹುದು. ಆದರೆ ಸರ್ಕಾರದ ಹಲಗೆಯ ಮೇಲೆ ಕದ್ದು ಕೊರೆದದ್ದು ಹಕ್ಕಾಗುವುದಿಲ್ಲ. ನೋವಾಯಿತೆ ಎಂದರೆ ಅದೂ ಇಲ್ಲ. ಆ ಜವಾನ ಯಾರೋ ಎಲ್ಲೋ, ಅವನಿಗೆ ಇದು ಗೊತ್ತಾಗುವ ಸಂಭವವೇ ಇಲ್ಲ. ತೀರಿಕೊಂಡವರಿಗೆ ಬದುಕಿರುವವರ ಕ್ರಿಯೆಗಳು ತಟ್ಟುತ್ತವೆಯೆ ಎಂದು ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಮೊದಲ ಪುಸ್ತಕದಲ್ಲೇ ಕೇಳಿಕೊಂಡ. ತಟ್ಟಿದರೂ ಅವರ ಸುಖದುಃಖವನ್ನು ಬದಲಿಸುವಷ್ಟಲ್ಲ ಎಂದ. ಆ ಲೆಕ್ಕದಲ್ಲಿ ನಾನು ನಿರ್ದೋಷಿ.

ಇನ್ನೂ ಒಂದು ಮಾತು ನನ್ನ ಪರವಾಗಿದೆ. ಹಳೆಯದರ ಗುರುತುಗಳನ್ನೆಲ್ಲ ಉಳಿಸಿಕೊಳ್ಳುವುದು ಉಳ್ಳವರ ಆಟ. ನಮ್ಮಲ್ಲಿ ಅಕ್ಕನ ಲಂಗ ತಂಗಿಗೆ, ಅಪ್ಪನ ಕೋಟು ಮಗನಿಗೆ, ಒಬ್ಬರ ಮನೆಯ ತೊಲೆ ಇನ್ನೊಬ್ಬರ ಕೊಟ್ಟಿಗೆಗೆ. ಬಳಸಿದ್ದನ್ನು ಮತ್ತೆ ಬಳಸಬೇಕಾದವರು ಕತ್ತರಿಸಬೇಕು, ಹೊಲಿಯಬೇಕು, ಕೀಸಬೇಕು. ಗೊಬ್ಬರ ಹೊರಬೇಕಾದ ಲಾರಿಯನ್ನು ಗುಡಿಯಲ್ಲಿ ಕೂರಿಸಲಾಗದು. ಗುಡಿಯಲ್ಲಿ ಕೂರಿಸುವುದಕ್ಕೂ ನನಗೆ ಅಂಜಿಕೆಯಿದೆ. ಅದೇ ಲಾರಿ ಒಂದು ಊರಿಗೆ ನೆರೆಯ ಹೊತ್ತಿನಲ್ಲಿ ಅಕ್ಕಿ ತಂದಿರಬಹುದು, ಇನ್ನೊಂದು ಊರಿನವರು ಅದರ ಸದ್ದಿಗೆ ಬಾಗಿಲು ಹಾಕಿಕೊಂಡಿರಬಹುದು. 43 ಗೆರೆಗಳು ಅದನ್ನೇನೂ ಹೇಳುವುದಿಲ್ಲ. ಒಬ್ಬನಿಗೆ ಮನೆಗೆ ಹೋಗಬೇಕಿತ್ತು ಎಂಬುದಷ್ಟನ್ನೇ ಹೇಳುತ್ತವೆ.

ಹಾಗಾದರೆ ಚುಚ್ಚುವುದು ಏನು? ಪೀಟರ್ ಸ್ಟಾಲಿಬ್ರಾಸ್ ಎಂಬ ವಿದ್ವಾಂಸ ಮಾರ್ಕ್ಸ್‌ನ ಕೋಟಿನ ಬಗ್ಗೆ 1998ರಲ್ಲಿ ಒಂದು ಪ್ರಬಂಧ ಬರೆದ. 1850ರ ದಶಕದ ಲಂಡನ್ನಿನಲ್ಲಿ ಮಾರ್ಕ್ಸ್ ಬಡತನದಿಂದ ತನ್ನ ಕೋಟನ್ನು ಮತ್ತೆ ಮತ್ತೆ ಗಿರವಿ ಇಡುತ್ತಿದ್ದ. ಆ ಕಾಲದ ದರ್ಜಿಗಳ ಮಾತಿನಲ್ಲಿ ಕೋಟಿನ ಮೊಣಕೈಯಲ್ಲಿ ಬೀಳುವ ಸುಕ್ಕುಗಳಿಗೆ ‘ನೆನಪುಗಳು’ ಎಂದೇ ಹೆಸರಿತ್ತು. ತೊಟ್ಟವನ ಮೈ ಬಟ್ಟೆಯಲ್ಲಿ ಬಿಟ್ಟುಹೋದ ಗುರುತು ಅದು. ಆದರೆ ಗಿರವಿ ಅಂಗಡಿಯವನಿಗೆ ಸುಕ್ಕು ಎಂದರೆ ಬೆಲೆ ಇಳಿಸುವ ದೋಷ. ನಾನು ಮಾಡಿದ್ದು ಗಿರವಿ ಅಂಗಡಿಯವನ ಕೆಲಸ. ನನಗೂ ಆ ಗೆರೆಗಳು ನೂರು ರೂಪಾಯಿಗೆ ಅಡ್ಡಬಂದ ಸಿಬಿರು.

ಇದರ ಪಕ್ಕದಲ್ಲಿ ಚಹಾ ಅಂಗಡಿಯನ್ನು ಇಟ್ಟು ನೋಡಿ. ಅಲ್ಲಿ ಲಾರಿಯ ಹಿಂದಿನ ಬದುಕು ನಮಗೆ ಬೇಕಾಯಿತು. ಯಾರೋ ದುಡಿದ ಗೌರವವನ್ನು ಭಜ್ಜಿಯ ಜೊತೆ ತಿಂದೆವು. ಅಂಗಳಕ್ಕೆ ಬಂದ ಮೇಲೆ ಅದೇ ಬದುಕು ಬೇಡವಾಯಿತು. ಲಾಭವಿದ್ದಾಗ ವಾರಸುದಾರರು, ಖರ್ಚು ಬಂದಾಗ ಬರೀ ಗಿರಾಕಿಗಳು. ಆ ವರ್ಷದ ಆಯುಧಪೂಜೆಗೆ ಲಾರಿಗೆ ಕುಂಬಳಕಾಯಿ ಒಡೆದೆವು. ಕತ್ತಿ, ಗುದ್ದಲಿ, ಕೀಸುಳಿಗಳ ಸಾಲಿನಲ್ಲಿ ಅದೂ ನಿಂತಿತ್ತು. ಅಲ್ಲಿದ್ದ ಎಲ್ಲದರ ನಡುವೆ ಆಯುಧ ಎಂಬ ಮಾತಿಗೆ ನಿಜವಾಗಿ ಹತ್ತಿರವಿದ್ದದ್ದು ಅದೊಂದೇ ಎಂದು ಯಾರಿಗೂ ಹೊಳೆಯಲಿಲ್ಲ. ದೇಶಗಳೂ ಮನೆತನಗಳೂ ತಮ್ಮ ಹಿಂದಿನದನ್ನು ಹೀಗೇ ಇಟ್ಟುಕೊಳ್ಳುತ್ತವೆ ಎಂದು ಈಗ ಅನಿಸುತ್ತದೆ. ಮೆರವಣಿಗೆಗೆ ಬೇಕಾದದ್ದು ‘ನಮ್ಮ ಪರಂಪರೆ’. ಲೆಕ್ಕ ಕೊಡಬೇಕಾದದ್ದು ‘ಆಗಿನವರು ಮಾಡಿದ್ದು, ನಮಗೇನು’.

ನಮ್ಮ ಭಾಷೆಯಲ್ಲಿ ಹಕ್ಕಿಗೂ ಋಣಕ್ಕೂ ವ್ಯತ್ಯಾಸವಿದೆ. ಹಕ್ಕು ಹಣಕ್ಕೆ ಕೈ ಬದಲಾಗುತ್ತದೆ. ಋಣ ಬದಲಾಗುವುದಿಲ್ಲ, ತೀರಬೇಕು. ಆ ಜವಾನನಿಗೆ ನಾನು ಹಲಗೆಯನ್ನು ಋಣಿಯಾಗಿದ್ದೆ ಎಂದು ಈಗಲೂ ಅನಿಸುವುದಿಲ್ಲ. ಕೀಸಿದ್ದು ತಪ್ಪಲ್ಲ. ಆದರೆ ಆ ಗೆರೆಗಳನ್ನು ಎಣಿಸಿದವನು ನಾನೊಬ್ಬನೇ. ಅವನ್ನು ಅಳಿಸಿದ ಕ್ಷಣದಿಂದ ಅವು ಇದ್ದ ಒಂದೇ ಜಾಗ ನನ್ನ ನೆನಪು. ವಸ್ತುವಿನ ಗುರುತನ್ನು ಅಳಿಸುವವನು ಅದರ ಕೊನೆಯ ಸಾಕ್ಷಿಯಾಗುತ್ತಾನೆ. ಸಾಕ್ಷಿಗಿರುವ ಕರ್ತವ್ಯ ಒಂದೇ, ಕೇಳಿದಾಗ ಹೇಳುವುದು. ನನ್ನನ್ನು ಕೇಳಿದರು. ಕೇಳಿದವರೂ ಯಾರೋ ಅಲ್ಲ, ಒಂದು ಕಾಲದಲ್ಲಿ ಅಂಥದೇ ಹಲಗೆಯ ಅಡಿಗೆ ದಿನಕ್ಕೊಂದು ಗೆರೆ ಕೊರೆದವರು. ನಾನು “ಇಲ್ಲ” ಅಂದೆ. ಕೀಸುಳಿ ಅಳಿಸಿದ್ದು ಮರದ ಮೇಲಿನದನ್ನು. ಆ ಒಂದು ಪದ ಅಳಿಸಿದ್ದು ಉಳಿದದ್ದನ್ನು.

2020ರಲ್ಲಿ ಚಿಕ್ಕಪ್ಪ ಲಾರಿಯನ್ನು ಮಾರಿದರು. ಬಿಡಿಭಾಗ ಸಿಗುವುದು ಕಷ್ಟವಾಗಿತ್ತು. ಕೊಳ್ಳಲು ಬಂದ ಮರದ ವ್ಯಾಪಾರಿ ಸುತ್ತ ತಿರುಗಿ ನೋಡಿ, ಮುಂಚೆ ಯಾರದಿತ್ತು ಎಂದು ಕೇಳಿದರು. “ಮಿಲಿಟ್ರಿದು” ಅಂದರು ಚಿಕ್ಕಪ್ಪ. ನಾನು ಪಕ್ಕದಲ್ಲೇ ಇದ್ದೆ. ಬೆಂಚಿನ ಹಲಗೆಯ ಅಡಿಗೆ 43 ಗೆರೆ ಇತ್ತು, ‘ಘರ್’ ಎಂದು ಬರೆದಿತ್ತು, ನಾನೇ ಕೀಸಿ ಹಾಕಿದೆ ಎಂದು ಹೇಳಿಬಿಟ್ಟೆ. ಒಂಬತ್ತು ವರ್ಷದ ಮೇಲೆ ಮೊದಲ ಸಲ. ಚಿಕ್ಕಪ್ಪ ನನ್ನ ಮುಖ ನೋಡಿದರು.

ವ್ಯಾಪಾರಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದಕ್ಕೆ ರೇಟೇನಾದ್ರೂ ಕಮ್ಮಿ ಮಾಡ್ತೀರಾ?” ಅಂದರು. ಎಲ್ಲರೂ ನಕ್ಕೆವು. ಆಮೇಲೆ ಅವರು ಲಾರಿಯ ಹಿಂದೆ ಹೋಗಿ, ಬೆಂಚು ಇದ್ದ ಜಾಗವನ್ನು ಒಮ್ಮೆ ಬಗ್ಗಿ ನೋಡಿ ಬಂದರು.