ರೋಹಿಣಿ ನದಿಯ ನೀರು, ನಮ್ಮ ಕೇರಿಯ ನಳ





ಇಂದಿನ ಧಮ್ಮ ಚಿಂತನೆಗೆ ಬಾಬಾಸಾಹೇಬರ ‘ಬುದ್ಧ ಮತ್ತು ಅವನ ಧಮ್ಮ’ ಗ್ರಂಥದ ಮೊದಲ ಭಾಗವನ್ನು ತೆಗೆದುಕೊಳ್ಳೋಣ. ಸಿದ್ಧಾರ್ಥ ಮನೆ ಬಿಟ್ಟದ್ದು ಯಾಕೆ ಎಂದು ಕೇಳಿದರೆ ನಮ್ಮ ಮಕ್ಕಳು ಸಾಲಿಯಲ್ಲಿ ಕಲಿತದ್ದನ್ನೇ ಹೇಳುತ್ತಾರೆ. ಮುದುಕನನ್ನು ಕಂಡ, ರೋಗಿಯನ್ನು ಕಂಡ, ಹೆಣ ಕಂಡ, ಸನ್ಯಾಸಿಯನ್ನು ಕಂಡ, ಹೊರಟುಹೋದ. ಬಾಬಾಸಾಹೇಬರಿಗೆ ಈ ಮಾತು ಒಪ್ಪಿಗೆಯಾಗಲಿಲ್ಲ. 29 ವರ್ಷದ ಮನುಷ್ಯ ಅಲ್ಲಿಯವರೆಗೆ ಒಬ್ಬ ಮುದುಕನನ್ನೂ ನೋಡಿರಲಿಲ್ಲ ಎಂದರೆ ನಂಬುವುದು ಹೇಗೆ? ಅವರು ಕೊಟ್ಟ ಕಾರಣ ಬೇರೆ. ಅದು ನೀರಿನ ಜಗಳ.

ಶಾಕ್ಯರ ಸೀಮೆಗೂ ಕೋಲಿಯರ ಸೀಮೆಗೂ ನಡುವೆ ರೋಹಿಣಿ ನದಿ. ಎರಡೂ ಕಡೆಯವರು ಅದೇ ನೀರನ್ನು ಹೊಲಕ್ಕೆ ಹಾಯಿಸುತ್ತಿದ್ದರು. ಯಾರದು ಮೊದಲ ಪಾಳಿ, ಯಾರಿಗೆ ಎಷ್ಟು ಎಂಬ ತಕರಾರು ಹಂಗಾಮು ಬಂದಾಗಲೆಲ್ಲ ಇದ್ದದ್ದೇ. ಸಿದ್ಧಾರ್ಥನಿಗೆ 28 ಆದ ವರ್ಷ ಅದು ಹೊಡೆದಾಟಕ್ಕೆ ಹೋಯಿತು, ಎರಡೂ ಕಡೆ ಜನ ಗಾಯಗೊಂಡರು. ಶಾಕ್ಯರ ಸೇನಾಪತಿ ಸಂಘದ ಸಭೆ ಕರೆದು ಯುದ್ಧದ ಠರಾವು ಮಂಡಿಸಿದ. ಸಿದ್ಧಾರ್ಥ 20ನೇ ವಯಸ್ಸಿನಿಂದ ಆ ಸಂಘದ ಸದಸ್ಯ. ಎದ್ದು ನಿಂತು ವಿರೋಧಿಸಿದ. ಅವನು ಹೇಳಿದ್ದರಲ್ಲಿ ಒಂದು ಮಾತನ್ನು ಗಮನಿಸಿ. ಜಗಳ ತೆಗೆದವರಲ್ಲಿ ನಮ್ಮವರೂ ಇದ್ದಾರೆಂದು ಕೇಳಿದ್ದೇನೆ, ಅದು ನಿಜವಾದರೆ ತಪ್ಪು ನಮ್ಮದೂ ಹೌದು ಎಂದ. ಸೇನಾಪತಿ ಅಲ್ಲಗಳೆಯಲಿಲ್ಲ. ಹೌದು, ನಮ್ಮವರೇ ಮೊದಲು ಕೈ ಮಾಡಿದರು, ಆದರೆ ಪಾಳಿ ನಮ್ಮದಿತ್ತಲ್ಲ ಎಂದ! ಸಿದ್ಧಾರ್ಥ ಸೂಚಿಸಿದ ದಾರಿ ಸರಳವಾಗಿತ್ತು. ನಮ್ಮವರು ಇಬ್ಬರು, ಅವರವರು ಇಬ್ಬರು, ಆ ನಾಲ್ವರು ಸೇರಿ ಆರಿಸಿದ ಐದನೆಯವರು, ಇವರು ಕೂತು ವಿಚಾರಣೆ ಮಾಡಿ ಬಗೆಹರಿಸಲಿ. ಮತಕ್ಕೆ ಹಾಕಿದರು. ಬಹಳ ದೊಡ್ಡ ಅಂತರದಲ್ಲಿ ಸೋತುಹೋದ.

ಮರುದಿನ ಮತ್ತೆ ಸಭೆ. 20ರಿಂದ 50 ವಯಸ್ಸಿನ ಗಂಡಸರೆಲ್ಲ ಸೈನ್ಯಕ್ಕೆ ಸೇರಬೇಕೆಂಬ ಠರಾವು ಬಂತು. ಹಿಂದಿನ ದಿನ ಇವನ ಕಡೆ ಕೈ ಎತ್ತಿದವರೂ ಆವತ್ತು ಬಾಯಿ ಬಿಡಲಿಲ್ಲ. ಸಿದ್ಧಾರ್ಥ ಒಬ್ಬನೇ ಎದ್ದು, ನಾನು ಸೇರುವುದಿಲ್ಲ ಎಂದ. ಆಗ ಸೇನಾಪತಿ ಹಾಕಿದ ಬೆದರಿಕೆ ಏನು ಗೊತ್ತೇ? ನಿನ್ನ ಮನೆತನಕ್ಕೆ ಬಹಿಷ್ಕಾರ ಹಾಕುತ್ತೇವೆ, ನಿಮ್ಮ ಹೊಲ ಜಪ್ತು ಮಾಡುತ್ತೇವೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಬಹಿಷ್ಕಾರ ಎಂಬ ಮಾತಿನ ಅರ್ಥ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಕೂಲಿಗೆ ಕರೆಯುವುದಿಲ್ಲ, ಗಿರಣಿಯಲ್ಲಿ ಹಿಟ್ಟು ಬೀಸಿಕೊಡುವುದಿಲ್ಲ, ಅಂಗಡಿಯಲ್ಲಿ ಸಾಮಾನು ಸಿಗುವುದಿಲ್ಲ. ಸಿದ್ಧಾರ್ಥ ಹೆದರಿದ್ದು ತನ್ನ ಸಲುವಾಗಿ ಅಲ್ಲ. ನನ್ನ ಮನೆಯವರಿಗೆ ಶಿಕ್ಷೆ ಬೇಡ, ಮಾತಾಡಿದವನು ನಾನು, ಗಲ್ಲಾದರೂ ಸರಿ, ಗಡಿಪಾರಾದರೂ ಸರಿ ನನಗೆ ಕೊಡಿ ಎಂದ. ಕೊನೆಗೆ ತಾನೇ ಪರಿವ್ರಾಜಕನಾಗಿ ನಾಡು ಬಿಡಲು ಒಪ್ಪಿದ. ಅಂದರೆ ಬಾಬಾಸಾಹೇಬರ ಪ್ರಕಾರ, ಜಗತ್ತಿಗೆ ಬುದ್ಧ ಸಿಕ್ಕಿದ್ದು ನೀರಿನ ವಿಷಯಕ್ಕೆ ತನ್ನ ಜನರ ಎದುರೇ ನಿಜ ಹೇಳಿದ ಒಬ್ಬ ಹುಡುಗನಿಂದ. ಅವನು ಹೋದ ಮೇಲೆ ಶಾಕ್ಯರ ಜನ ಯುದ್ಧ ಬೇಡವೆಂದು ಮೆರವಣಿಗೆ ತೆಗೆದರು, ಸಂಘ ಮತ್ತೆ ಕೂತು ಕೋಲಿಯರ ಜೊತೆ ರಾಜಿ ಮಾಡಿಕೊಂಡಿತು. ಅವನು ಹೇಳಿದ್ದೇ ಆಯಿತು, ಆದರೆ ಅವನು ಅಲ್ಲಿರಲಿಲ್ಲ. ಹುಡುಗನನ್ನು ಊರು ಬಿಡಿಸಿದ ಮೇಲೆ ಅವನ ಮಾತು ಕೇಳುವ ರೂಢಿ ನಮ್ಮ ಕಡೆಗೂ ಇದೆ.

ಈಗ ನಮ್ಮ ಸೀಮೆಗೆ ಬರೋಣ. ನವಲಗುಂದ, ಅಣ್ಣಿಗೇರಿ ಕಡೆಯ ಎರಿ ನೆಲದಲ್ಲಿ ಬೋರು ಹೊಡೆಸಿದರೆ ಬರುವುದು ಸವಳು ನೀರು. ಅದಕ್ಕೇ ಅನೇಕ ಹಳ್ಳಿಗಳಿಗೆ ಕುಡಿಯಲು ಊರ ಕೆರೆಯೇ ಗತಿ. ಮಲಪ್ರಭಾ ಕಾಲುವೆಗೆ ನೀರು ಬಿಟ್ಟಾಗ ತುಂಬಿಸಿಕೊಂಡು ಮುಂದಿನ ಸಲದವರೆಗೆ ಅದರಲ್ಲೇ ದಿನ ದೂಡಬೇಕು. ನೀರಿಗಾಗಿ ಹೋರಾಟ ಈ ಮಣ್ಣಿಗೆ ಹೊಸದಲ್ಲ. 1980ರ ಜುಲೈ 21ರಂದು ಮಲಪ್ರಭಾ ಕಾಲುವೆಯ ಕರದ ವಿರುದ್ಧ ಎದ್ದ ನವಲಗುಂದ, ನರಗುಂದದ ರೈತರು ಗುಂಡಿಗೆ ಎದೆ ಕೊಟ್ಟರು. ಕಳಸಾ ಬಂಡೂರಿ ಸಲುವಾಗಿ ವರ್ಷಗಟ್ಟಲೆ ಧರಣಿ ಕೂತವರು ನಮ್ಮವರೇ. 2018ರ ಆಗಸ್ಟಿನಲ್ಲಿ ಮಹದಾಯಿ ನ್ಯಾಯಮಂಡಳಿ ರಾಜ್ಯಕ್ಕೆ 13.42 ಟಿಎಂಸಿ ಹಂಚಿತು. ಆ ನೀರು ಬರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಂದ ನೀರು ಊರ ತುದಿಯ ಕೇರಿಯ ನಳಕ್ಕೆ ಎಷ್ಟು ಗಂಟೆಗೆ, ಎಷ್ಟು ಕೊಡ ಬರುತ್ತದೆ ಎಂಬ ಪ್ರಶ್ನೆಯನ್ನು ಯಾವ ನ್ಯಾಯಮಂಡಳಿಯೂ ಬಗೆಹರಿಸುವುದಿಲ್ಲ. ಅದನ್ನು ಕೇಳಬೇಕಾದದ್ದು ವಾರ್ಡ್ ಸಭೆಯಲ್ಲಿ, ಗ್ರಾಮಸಭೆಯಲ್ಲಿ. ಕೇಳುವವರು ಯಾರು?

ಅದೇ 2018ರ ನವೆಂಬರ್ ಕೊನೆಗೆ ನವಲಗುಂದ ತಾಲೂಕಿನ ಮೊರಬದ ಕೆರೆಯಲ್ಲಿ ಒಬ್ಬ ಮಹಿಳೆಯ ಮೃತದೇಹ ಸಿಕ್ಕಿತು. ಆಕೆಗೆ ಎಚ್‌ಐವಿ ಇತ್ತೆಂಬ ಸುದ್ದಿ ಊರ ತುಂಬ ಹರಡಿತು. ಜನ ಕೆರೆಯ ನೀರು ಮುಟ್ಟಲಿಲ್ಲ. ಕೊಡ ಹೊತ್ತು ಮಲಪ್ರಭಾ ಕಾಲುವೆಗೆ ನಡೆದರು. ನೀರಿನಿಂದ ಎಚ್‌ಐವಿ ಹರಡುವುದಿಲ್ಲ ಎಂದು ವೈದ್ಯರು, ಅಧಿಕಾರಿಗಳು ಹೇಳಿದರೂ ಊರು ಒಪ್ಪಲಿಲ್ಲ. ಕಡೆಗೆ ಪೈಪು, ಮೋಟಾರು ಹಚ್ಚಿ ಸುಮಾರು 36 ಎಕರೆಯ ಕೆರೆಯನ್ನೇ ಬರಿದು ಮಾಡಲು ಹೊರಟರು. ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಪಟ್ಟಣದಲ್ಲಿ ಕೂತು ಓದಿದವರು ನಕ್ಕರು.

ನಾವು ನಗುವುದು ಬೇಡ. ದಿನಗಟ್ಟಲೆ ಹೆಣ ಇದ್ದ ನೀರನ್ನು ಕುಡಿಯಲು ಯಾರಿಗೂ ಮನಸ್ಸಾಗುವುದಿಲ್ಲ. ಸ್ವಚ್ಛ ನೀರು ಕೊಡಿ ಎಂದು ಕೇಳುವ ಹಕ್ಕು ಆ ಊರಿಗೆ ಪೂರ್ತಿ ಇತ್ತು. ಬರೀ ಅಷ್ಟನ್ನೇ ಕೇಳಿದ್ದರೆ ಚಂದವಿತ್ತು. ಆದರೆ ಊರಿನ ಬಾಯಲ್ಲಿ ಬಂದದ್ದು ರೋಗದ ಮಾತು. ಆ ಮಾತು ಸತ್ತವಳ ಮೇಲೆ ಬಿತ್ತು, ಅದೇ ರೋಗ ಇಟ್ಟುಕೊಂಡು ಮಾತ್ರೆ ನುಂಗುತ್ತ ಸುಮ್ಮನೆ ಬದುಕುತ್ತಿರುವ ನಮ್ಮ ತಾಲೂಕಿನ ಎಲ್ಲರ ಮೇಲೂ ಬಿತ್ತು. ಅಂಥವರನ್ನು ಭೇದ ಮಾಡಬಾರದೆಂಬ 2017ರ ಕಾಯ್ದೆ ಜಾರಿಗೆ ಬಂದು ಆಗ ಮೂರು ತಿಂಗಳೂ ತುಂಬಿರಲಿಲ್ಲ.

ನನಗೆ ಕಾಡುವ ವಿಚಾರ ಬೇರೆ. ಅಷ್ಟು ದೊಡ್ಡ ಊರು, ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು ಇದ್ದೇ ಇರುತ್ತಾರೆ. ಎಚ್‌ಐವಿ ಹೇಗೆ ಹರಡುತ್ತದೆ, ಹೇಗೆ ಹರಡುವುದಿಲ್ಲ ಎಂಬುದು ಹೈಸ್ಕೂಲಿನ ಪಾಠ. ಒಂದು ಹುಡುಗಿ ಕಟ್ಟೆಯ ಮುಂದೆ ನಿಂತು, ‘ಕಾಕಾ, ರೋಗ ನೀರಾಗ ಬರೂದಿಲ್ರೀ, ಆದ್ರ ಕೆರಿ ಸ್ವಚ್ಛ ಮಾಡಸ್ರೀ’ ಅಂದರೆ ಯಾವ ಊರಲ್ಲಾದರೂ ಏನು ಉತ್ತರ ಬರುತ್ತಿತ್ತು? ‘ನಿನಗ್ಯಾಕವಾ ಊರ ಉಸಾಬರಿ, ಸುಮ್ನ ಮನಿಗೆ ನಡಿ.’ ಇದು ಮೊರಬದ ಮಾತಲ್ಲ. ನಮ್ಮೆಲ್ಲರ ಕಟ್ಟೆಯ ಮಾತು.

ಕೆರೆ ಮೈಲಿಗೆಯಾಯಿತು ಎಂಬ ಮಾತು ಕಿವಿಗೆ ಬಿದ್ದಾಗ ನಮಗೆ ಮಹಾಡ್ ನೆನಪಾಗದೆ ಇರುವುದಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಚವದಾರ್ ಕೆರೆಯ ನೀರು ಕುಡಿದರು. ಸವರ್ಣೀಯರು 108 ಗಡಿಗೆಯ ಲೆಕ್ಕದಲ್ಲಿ ಸೆಗಣಿ, ಗೋಮೂತ್ರ, ಹಾಲು, ಮೊಸರು ಸುರಿದು ಅದನ್ನು ಶುದ್ಧ ಮಾಡಿದರು. ಸತ್ಯಾಗ್ರಹಕ್ಕೆ ಬಂದಿದ್ದ ಹಳ್ಳಿಗಳ ಜನ ಏಟು ತಿಂದರು, ಬಹಿಷ್ಕಾರ ಅನುಭವಿಸಿದರು. ಕೆರೆಯ ದಾವೆ ಮುಂಬಯಿ ಹೈಕೋರ್ಟಿನಲ್ಲಿ ನಮ್ಮ ಕಡೆ ತೀರ್ಮಾನವಾದದ್ದು 1937ರಲ್ಲಿ. ಹತ್ತು ವರ್ಷ! ಆ ಹತ್ತು ವರ್ಷ ಅದನ್ನು ಹೊತ್ತವರು ಯಾರು ಎಂದು ಕೇಳಿಕೊಳ್ಳಿ. ಭಾಷಣ ಮಾಡಿದವರಷ್ಟೇ ಅಲ್ಲ, ಊರಿಗೆ ಹಿಂದಿರುಗಿ ಕೂಲಿ ಕಳೆದುಕೊಂಡವರೂ.

ನಮ್ಮ ಜಿಲ್ಲೆಯಲ್ಲೂ ಹಾಗೆ ಹೊತ್ತವರಿದ್ದಾರೆ. ಹಾನಗಲ್ ತಾಲೂಕಿನ ಕುಸನೂರು ಈಗ ಹಾವೇರಿ ಜಿಲ್ಲೆ, 1987ರಲ್ಲಿ ಧಾರವಾಡವೇ. ದನ ಮೇಯಿಸಿಕೊಂಡು, ಉರುವಲು ಆಯ್ದುಕೊಂಡು ಬಡವರು ಬದುಕುತ್ತಿದ್ದ ಊರೊಟ್ಟಿನ ಜಮೀನನ್ನು, ಸರಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಮಾಡಿದ ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ನೀಲಗಿರಿ ಬೆಳೆಸಲು ಕೊಟ್ಟಿದ್ದರು. ಆ ವರ್ಷದ ನವೆಂಬರ್ 14ರಂದು ಧಾರವಾಡದ ಸಮಾಜ ಪರಿವರ್ತನ ಸಮುದಾಯದವರು, ಎಸ್.ಆರ್. ಹಿರೇಮಠರು, ಸುತ್ತಲಿನ ಹಳ್ಳಿಗರು ಸೇರಿ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ಮಾಡಿದರು. ನೀಲಗಿರಿ ಸಸಿ ಕಿತ್ತು, ಅದೇ ಕುಣಿಯಲ್ಲಿ ಹಣ್ಣು, ಮೇವು ಕೊಡುವ ಗಿಡ ಹಚ್ಚಿದರು. ಬರೀ ಕಿತ್ತು ಬಿಸಾಡಲಿಲ್ಲ, ಅದು ನನಗೆ ಬಹಳ ಹಿಡಿಸಿದ ಸಂಗತಿ. ಸುಪ್ರೀಂ ಕೋರ್ಟಿನಲ್ಲಿ ದಾವೆಯೂ ನಡೆಯಿತು, ಶಿವರಾಮ ಕಾರಂತರು ಅರ್ಜಿದಾರರಾಗಿ ಜೊತೆಗಿದ್ದರು. 1991ರಲ್ಲಿ ಆ ಕಂಪನಿ ಮುಚ್ಚಿತು.

ಹಾಗಾದರೆ ಹುಡುಗರಿಗೆ ಬೆಂಬಲ ಕೊಡುವುದೆಂದರೆ ಏನು? ಏಪ್ರಿಲ್ 14ಕ್ಕೆ ನೀಲಿ ಶಾಲು ಹೊದಿಸಿ, ‘ನಾಳಿನ ನಾಯಕರು’ ಎಂದು ಫೋಟೊ ಹಾಕುವುದಲ್ಲ. ಧಾರವಾಡದಲ್ಲಿ ಬಾಬಾಸಾಹೇಬರು ನಮ್ಮ ಮಕ್ಕಳಿಗಾಗಿ ಬೋರ್ಡಿಂಗ್ ತೆರೆದರು, ಬಿ.ಎಚ್. ವರಾಳೆಯವರು ಅದನ್ನು ನಡೆಸಿದರು. ಮಾತೆ ರಮಾಬಾಯಿಯವರು ಕೆಲ ದಿನ ಅಲ್ಲಿ ಇದ್ದಾಗ, ಹುಡುಗರಿಗೆ ಊಟಕ್ಕಿಲ್ಲದ್ದು ಕಂಡು ತಮ್ಮ ಬಂಗಾರದ ಬಳೆ ತೆಗೆದುಕೊಟ್ಟರೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಮೊದಲು ಊಟ, ಆಮೇಲೆ ನಾಯಕತ್ವದ ಮಾತು. ಈ ಕ್ರಮ ತಪ್ಪಬಾರದು.

ನಮ್ಮ ಕೈಲಾಗುವುದು ಬಹಳ ಇದೆ. ಜಲ ಜೀವನ ಮಿಷನ್ನಿನಲ್ಲಿ ಪ್ರತಿ ಹಳ್ಳಿಯ 5 ಮಹಿಳೆಯರಿಗೆ ನೀರು ಪರೀಕ್ಷಿಸುವ ಕಿಟ್ ಬಳಸಲು ತರಬೇತಿ ಕೊಡಬೇಕೆಂದಿದೆ. ನಿಮ್ಮ ಊರಲ್ಲಿ ಆ ಐವರು ಯಾರು, ಅವರಲ್ಲಿ ಕೇರಿಯವರು ಎಷ್ಟು, ಕಿಟ್ ಯಾರ ಮನೆಯ ಅಟ್ಟದ ಮೇಲಿದೆ, ವಿಚಾರಿಸಿ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಬಿಪಿಎಲ್ ಕಾರ್ಡಿದ್ದವರಿಗೆ ಅದೂ ಇಲ್ಲ. ಅರ್ಜಿ ಬರೆಯಲು ಬರುವ ಹುಡುಗಿಗೆ ತಾಲೂಕು ಕಚೇರಿಗೆ ಹೋಗಲು ಬಸ್ಸು ಪುಕ್ಕಟೆ ಇರಬಹುದು, ಆದರೆ ಒಬ್ಬಳೇ ಹೋಗಲು ಮನೆಯಲ್ಲಿ ಬಿಡುವುದಿಲ್ಲ. ಜೊತೆಗೆ ಒಬ್ಬ ದೊಡ್ಡವ್ವ ಹೊರಟರೆ ಆಯಿತು. 18 ತುಂಬದವರಿಗೆ ಮಕ್ಕಳ ಗ್ರಾಮಸಭೆ ಇದೆ, ಅಲ್ಲಿ ಏನು ಕೇಳಬೇಕೆಂದು ಮಾಸ್ತರರು ಬರೆದುಕೊಟ್ಟ ಚೀಟಿ ಓದಿಸುವ ಬದಲು ಮಕ್ಕಳೇ ಕಂಡದ್ದನ್ನು ಹೇಳಲಿ.

ಒಂದು ಕಷ್ಟದ ಮಾತೂ ಇದೆ. ಕೇರಿಯ ನಳಕ್ಕೆ ನೀರು ಬರುವುದಿಲ್ಲ ಎಂದು ಪಂಚಾಯ್ತಿಯನ್ನು ಬೈಯುವುದು ಸುಲಭ. ಬೈಯಬೇಕಾದಲ್ಲಿ ಬೈಯೋಣ. ಆದರೆ ನಮ್ಮ ಸಾಲಿನಲ್ಲೇ ಮುಂದಿನ ಎರಡು ಮನೆಯವರು ನಳಕ್ಕೆ ಮೋಟಾರು ಹಚ್ಚಿ ಜಗ್ಗಿಕೊಂಡರೆ ಹಿಂದಿನ ಮನೆಯ ಮುದುಕಿಯ ಕೊಡ ತುಂಬುವುದಿಲ್ಲ. ಕೊಡದ್ದನ್ನು ತೆಗೆದುಕೊಳ್ಳುವುದಿಲ್ಲ ಎಂದು ಪ್ರತಿ ಭಾನುವಾರ ಎರಡನೆಯ ಶೀಲ ಹೇಳುವವರು ನಾವು. ಒಂದು ಹುಡುಗ ವಾರ್ಡ್ ಸಭೆಯಲ್ಲಿ ಎದ್ದು, ‘ನಮ್ಮ ಓಣ್ಯಾಗೂ ಮೋಟಾರ ಹಚ್ಚತಾರ್ರೀ’ ಎಂದರೆ, ಅವನು ನಮ್ಮ ಮರ್ಯಾದೆ ತೆಗೆದ ಎನ್ನುತ್ತೇವೋ, ರೋಹಿಣಿಯ ದಂಡೆಯಲ್ಲಿ ಸಿದ್ಧಾರ್ಥ ಹೇಳಿದ್ದನ್ನೇ ಹೇಳಿದ ಎನ್ನುತ್ತೇವೋ?

ಆಫೀಸಿನ ಎದುರು ಕೂಗುವ ಹುಡುಗನಿಗೆ ನಾವು ಚಪ್ಪಾಳೆ ಹೊಡೆಯುತ್ತೇವೆ. ಮನೆಯವರ ಎದುರು ನಿಜ ಹೇಳಿದವನಿಗೆ ಅನ್ನ ಬಡಿಸುವಾಗ ಮುಖ ತಿರುಗಿಸುತ್ತೇವೆ. ಆ ಮಾತಿಗೆ ದಂಡ ಬಂದರೆ, ಅವನ ಅಪ್ಪನಿಗೆ ಖಾತ್ರಿ ಕೆಲಸ ಕೊಡಲಿಲ್ಲ, ಅವನ ಅವ್ವನನ್ನು ಕಳೆ ತೆಗೆಯಲು ಕರೆಯಲಿಲ್ಲ ಎಂದಾದರೆ, ಆ ದಂಡವನ್ನು ಆ ಒಂದು ಮನೆ ಹೊರುತ್ತದೋ, ಹತ್ತು ಮನೆ ಹಂಚಿಕೊಳ್ಳುತ್ತವೋ? ಸಿದ್ಧಾರ್ಥನಿಗೆ ಆ ಹತ್ತು ಮನೆ ಸಿಗಲಿಲ್ಲ.

ಕುಂದಗೋಳ, ಕಲಘಟಗಿ, ನವಲಗುಂದ, ಅಣ್ಣಿಗೇರಿಯ ಸದಸ್ಯರೇ, ನಿಮ್ಮ ವಾರ್ಡ್ ಸಭೆಯ ತಾರೀಖು ಗೊತ್ತಾದ ಕೂಡಲೇ ಈ ಗುಂಪಿನಲ್ಲಿ ಹಾಕಿ. ಮಾತಾಡಲು ತಯಾರಿರುವ ಹುಡುಗ ಹುಡುಗಿಯರು ಆ ಸಂದೇಶದ ಕೆಳಗೆ ಹೆಸರು ಬರೆಯಲಿ. ಅವರ ಪಕ್ಕದಲ್ಲಿ ಕೂರುವ ಹಿರಿಯರು ಯಾರು ಎಂಬುದನ್ನೂ ಅಲ್ಲೇ ಬರೆಯಿರಿ.

ಭವತು ಸಬ್ಬ ಮಂಗಲಂ. ಜೈ ಭೀಮ್.