ಪತ್ರ ಒಡೆಯನದು, ತಂಡ ಯಾರದು?

ಒಂದು ಫುಟ್‌ಬಾಲ್ ತಂಡವನ್ನು ಒಂದೂರಿಂದ ಇನ್ನೊಂದೂರಿಗೆ ಎತ್ತಿಕೊಂಡು ಹೋಗಬಹುದೆ? ಆಟಗಾರರನ್ನು ಬಸ್ಸು ಹತ್ತಿಸಬಹುದು. ಚೆಂಡು, ಬಲೆ, ಅಂಗಿ, ಬೂಟು, ಲೆಕ್ಕದ ಪುಸ್ತಕ ಎಲ್ಲವನ್ನೂ ಲಾರಿಗೆ ತುಂಬಬಹುದು. ಗೆದ್ದ ಬಟ್ಟಲುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಒಯ್ಯಬಹುದು. ಹೋದ ಮೇಲೆ ಹೆಸರನ್ನೂ ಬಣ್ಣವನ್ನೂ ಬದಲಾಯಿಸಬಹುದು. ಇಷ್ಟೆಲ್ಲ ಆದಮೇಲೆ ಅಲ್ಲಿ ಇರೋದು ಯಾವ ತಂಡ? ಇಲ್ಲಿ ಉಳಿದವರು ಯಾರು?

ಇದು ಪತ್ರಿಕೆಯ ಕೊನೆ ಪುಟದ ಆಟೋಟದ ಸುದ್ದಿ, ನಮಗ್ಯಾಕೆ ಅಂತ ಗೆಳೆಯರು ಕೇಳಬಹುದು. ನಮಗೆ ಹಾಗನ್ನಿಸುವುದಿಲ್ಲ. ಹತ್ತಾರು ವರ್ಷ ಸಾವಿರಾರು ಜನ ಸೇರಿ ಕಟ್ಟಿದ್ದನ್ನು, ಕಾಗದಪತ್ರ ಇಟ್ಟುಕೊಂಡ ಒಬ್ಬಿಬ್ಬರು ತಮ್ಮಿಷ್ಟದಂತೆ ಸಾಗಿಸಬಹುದೆ ಎಂಬುದು ಇದರೊಳಗಿನ ಪ್ರಶ್ನೆ. ಒಡೆತನ ಅಂದರೇನು ಎಂದು ಕೇಳದೆ ಇದಕ್ಕೆ ಉತ್ತರ ಸಿಕ್ಕುವುದಿಲ್ಲ. ಆ ಪ್ರಶ್ನೆಯನ್ನೇ ಕೇಳುತ್ತ ಬಂದ ನಮ್ಮಂಥವರಿಗೆ ಇಂಗ್ಲೆಂಡಿನ ಒಂದು ತಂಡದ ಕಥೆ ಗೊತ್ತಿರಬೇಕು.

ವಿಂಬಲ್ಡನ್ ಅಂದಕೂಡಲೆ ನಮಗೆ ನೆನಪಾಗುವುದು ಟೆನಿಸ್. ಬಿಳಿ ಬಟ್ಟೆ, ಹಸಿರು ಹುಲ್ಲು, ರಾಜಮನೆತನದವರು ಕೂರುವ ಗ್ಯಾಲರಿ. ಲಂಡನ್ನಿನ ಅದೇ ಬಡಾವಣೆಯಲ್ಲಿ 1889ರಲ್ಲಿ ಒಂದು ಶಾಲೆಯ ಹಳೆಯ ವಿದ್ಯಾರ್ಥಿಗಳು ಸೇರಿ ಫುಟ್‌ಬಾಲ್ ತಂಡವೊಂದನ್ನು ಕಟ್ಟಿದರು. 1912ರಲ್ಲಿ ಅದು ಪ್ಲೌ ಲೇನ್ ಎಂಬಲ್ಲಿ ನೆಲೆಯೂರಿತು. ಪ್ಲೌ ಲೇನ್ ಅಂದರೆ ನೇಗಿಲ ಓಣಿ.

ಇಂಗ್ಲೆಂಡಿನ ಫುಟ್‌ಬಾಲ್ ವ್ಯವಸ್ಥೆ ಒಂದು ಏಣಿ ಇದ್ದ ಹಾಗೆ. ಗೆದ್ದವರು ಮುಂದಿನ ವರ್ಷ ಒಂದು ಮೆಟ್ಟಿಲು ಮೇಲಕ್ಕೆ, ಸೋತವರು ಒಂದು ಮೆಟ್ಟಿಲು ಕೆಳಕ್ಕೆ. ಯಾರು ಬೇಕಾದರೂ ತಳದಿಂದ ಶುರು ಮಾಡಬಹುದು. ವಿಂಬಲ್ಡನ್ ತಂಡಕ್ಕೆ ರಾಷ್ಟ್ರಮಟ್ಟದ ಲೀಗಿನೊಳಗೆ ಕಾಲಿಡಲು 1977ರವರೆಗೆ ಕಾಯಬೇಕಾಯಿತು. ಒಳಗೆ ಬಂದಮೇಲೆ ಒಂಬತ್ತೇ ವರ್ಷದಲ್ಲಿ, 1986ಕ್ಕೆ, ಅದು ಮೇಲಿನ ಮೆಟ್ಟಿಲಲ್ಲಿತ್ತು. 1988ರ ಎಫ್.ಎ. ಕಪ್ ಫೈನಲ್‌ನಲ್ಲಿ ಲಿವರ್‌ಪೂಲ್‌ನಂಥ ದೈತ್ಯ ತಂಡವನ್ನು 1-0ರಿಂದ ಸೋಲಿಸಿತು. ಗೋಲು ಹೊಡೆದವನು ಲಾರಿ ಸಾಂಚೆಜ್. ಲಿವರ್‌ಪೂಲ್‌ನ ಜಾನ್ ಆಲ್ಡ್ರಿಜ್ ಒದ್ದ ಪೆನಾಲ್ಟಿಯನ್ನು ತಡೆದವನು ಗೋಲ್‌ಕೀಪರ್ ಡೇವ್ ಬೆಸಂಟ್. ಒರಟು ಆಟದವರು, ಸೊಗಸಿಲ್ಲದವರು ಅಂತ ಮೂಗು ಮುರಿದಿದ್ದವರೆಲ್ಲ ಅವತ್ತು ಬಾಯಿ ಮುಚ್ಚಿಕೊಳ್ಳಬೇಕಾಯಿತು.

ಮರುವರ್ಷ, 1989ರಲ್ಲಿ, ಶೆಫೀಲ್ಡಿನ ಹಿಲ್ಸ್‌ಬರೋ ಮೈದಾನದಲ್ಲಿ ಲಿವರ್‌ಪೂಲ್‌ನ ಪ್ರೇಕ್ಷಕರು ಇಕ್ಕಟ್ಟಿಗೆ ಸಿಕ್ಕಿ ಸತ್ತರು. ಆ ದುರಂತ ಒಟ್ಟು 97 ಜೀವ ತೆಗೆದುಕೊಂಡಿತು. ಆಮೇಲೆ ಬಂದ ಟೇಲರ್ ವರದಿ ದೊಡ್ಡ ತಂಡಗಳ ಮೈದಾನದಲ್ಲಿ ಎಲ್ಲರಿಗೂ ಕೂರಲು ಆಸನ ಇರಬೇಕು ಎಂದಿತು. ನ್ಯಾಯವಾದ ಮಾತು. ಆದರೆ ಪ್ಲೌ ಲೇನನ್ನು ಹಾಗೆ ಮಾಡೋಕಾಗಲ್ಲ ಎಂದ ಒಡೆಯರು 1991ರಲ್ಲಿ ತಂಡವನ್ನು ಬೇರೊಂದು ತಂಡದ ಸೆಲ್‌ಹರ್ಸ್ಟ್ ಪಾರ್ಕ್ ಮೈದಾನಕ್ಕೆ ಬಾಡಿಗೆಗೆ ಕರೆದೊಯ್ದರು. ಸ್ವಲ್ಪ ದಿನದ ಮಾತು ಅಂದುಕೊಂಡದ್ದು ಹನ್ನೆರಡು ವರ್ಷವಾಯಿತು. ಅಷ್ಟರಲ್ಲಿ ಹಳೆಯ ಮೈದಾನ ಅಂಗಡಿ ಮಳಿಗೆಗಳ ಕಂಪನಿಯೊಂದಕ್ಕೆ ಮಾರಿಹೋಯಿತು. ಕೊನೆಗೆ ಅಲ್ಲಿ ವಾಸದ ಕಟ್ಟಡಗಳು ಎದ್ದವು. ತಂಡದ ಒಡೆತನವೂ ಕೈಯಿಂದ ಕೈಗೆ ಹೋಗಿ ನಾರ್ವೆ ದೇಶದ ಹಣವಂತರನ್ನು ಸೇರಿತು.

2001ರಲ್ಲಿ ಒಡೆಯರು ಬಾಯಿಬಿಟ್ಟರು. ತಂಡವನ್ನು ಸುಮಾರು 90 ಕಿಲೋಮೀಟರ್ ದೂರದ ಮಿಲ್ಟನ್ ಕೀನ್ಸ್ ಎಂಬ ಊರಿಗೆ ಸಾಗಿಸುತ್ತೇವೆ ಅಂದರು. ಅಭಿಮಾನಿಗಳು ಬೀದಿಗಿಳಿದರು. ಲೀಗಿನ ಆಡಳಿತವೂ ಮೊದಲು ಒಪ್ಪಲಿಲ್ಲ. ಕೊನೆಗೆ ಮೂವರ ಆಯೋಗವೊಂದು ಕೂತು 2002ರ ಮೇ 28ರಂದು ಇಬ್ಬರು ಹೌದು, ಒಬ್ಬರು ಅಲ್ಲ ಎಂಬ ಲೆಕ್ಕದಲ್ಲಿ ಅಪ್ಪಣೆ ಕೊಟ್ಟಿತು. ಬೇಡ ಅನ್ನುವ ಅಭಿಮಾನಿಗಳು ತಳದಿಂದ ಹೊಸ ತಂಡ ಕಟ್ಟಿಕೊಳ್ಳುವುದು ಆಟದ ವಿಶಾಲ ಹಿತಕ್ಕೆ ಒಳ್ಳೆಯದಲ್ಲ ಎಂಬರ್ಥದ ಮಾತನ್ನೂ ಆಯೋಗದ ವರದಿ ಹೇಳಿತು. ನಿಮ್ಮದನ್ನು ಕಿತ್ತುಕೊಳ್ಳುತ್ತೇವೆ, ಇನ್ನೊಂದನ್ನು ಕಟ್ಟಿಕೊಳ್ಳಲೂ ಬೇಡಿ! ಎಲ್ಲ ಕಾಲದ ಯಜಮಾನಿಕೆಯ ದನಿ ಇದೇ ತಾನೆ?

2003ರ ಸೆಪ್ಟೆಂಬರಿನಲ್ಲಿ ತಂಡ ಹೊರಟುಹೋಯಿತು. 2004ರಲ್ಲಿ ಹೆಸರು ಬದಲಾಗಿ ಮಿಲ್ಟನ್ ಕೀನ್ಸ್ ಡಾನ್ಸ್ ಎಂದಾಯಿತು. ಲಾಂಛನ ಹೊಸದು, ಬಣ್ಣ ಹೊಸದು. ಉಳಿದದ್ದು ವಿಂಬಲ್ಡನ್ ಎಂಬ ಹೆಸರಿನ ಬಾಲ ಮಾತ್ರ, ಆ 'ಡಾನ್'.

ಒಡೆಯರ ಪರವಾದ ವಾದವನ್ನೂ ನಾವು ಕೇಳಬೇಕು. ತಂಡ ನಷ್ಟದಲ್ಲಿತ್ತು. ಅದಕ್ಕೆ ಸ್ವಂತ ಮೈದಾನ ಇರಲಿಲ್ಲ. 2003ರಲ್ಲಿ ದಿವಾಳಿಯ ಅಂಚಿಗೂ ಹೋಯಿತು. ಸಾಗಿಸದಿದ್ದರೆ ಸತ್ತೇಹೋಗುತ್ತಿತ್ತು ಅನ್ನುತ್ತಾರೆ. ನಷ್ಟ ಸುಳ್ಳಲ್ಲ. ಆದರೆ ಅವರು ಬದುಕಿಸಿದ್ದು ಏನನ್ನು? ಜನ ಬೇಡ ಅಂದರು, ಬಣ್ಣ ತೆಗೆದರು, ಹೆಸರು ಅಳಿಸಿದರು. ಉಳಿಸಿಕೊಂಡದ್ದು ಏಣಿಯ ಮೇಲಿನ ಮೆಟ್ಟಿಲನ್ನು. ಮಿಲ್ಟನ್ ಕೀನ್ಸ್‌ನಲ್ಲಿ ತಂಡ ಬೇಕಿದ್ದರೆ ಎಲ್ಲರಂತೆ ತಳದಿಂದ ಹತ್ತಬಹುದಿತ್ತು. ಹತ್ತಲು ಇಪ್ಪತ್ತು ವರ್ಷ ಬೇಕು, ಬಂಡವಾಳಕ್ಕೆ ಅಷ್ಟು ತಾಳ್ಮೆ ಎಲ್ಲಿದೆ? ಅದಕ್ಕೇ ಇನ್ನೊಂದೂರಿನ ಜನ ನೂರು ವರ್ಷ ಹತ್ತಿದ ಮೆಟ್ಟಿಲನ್ನು ಕೊಂಡುಕೊಂಡರು. ಕಳವಾದದ್ದು ಬರೀ ಮೈದಾನ ಅಂತ ತಿಳಿಯಬಾರದು. ಜನರ ಹತ್ತುವಿಕೆಯೇ ಕಳವಾಯಿತು.

ಇದು ದೂರದ ಇಂಗ್ಲೆಂಡಿನ ವಿಚಾರ ಅಂತಲೂ ಸುಮ್ಮನಿರುವಂತಿಲ್ಲ. ನಮ್ಮ ದೇಶದ ಇಂಡಿಯನ್ ಸೂಪರ್ ಲೀಗಿನಲ್ಲಿ ದೆಹಲಿ ಡೈನಮೋಸ್ ಎಂಬ ತಂಡ ಇತ್ತು. 2019ರಲ್ಲಿ ಅದನ್ನು ಭುವನೇಶ್ವರಕ್ಕೆ ಒಯ್ದು ಒಡಿಶಾ ಎಫ್.ಸಿ. ಎಂದು ಹೆಸರಿಟ್ಟರು. ಅದೇ ವರ್ಷ ಪುಣೆಯ ತಂಡ ಮುಚ್ಚಿ, ಅದರ ಜಾಗಕ್ಕೆ ಹೈದರಾಬಾದ್ ಎಫ್.ಸಿ. ಬಂತು. ಆ ಹೈದರಾಬಾದ್ ತಂಡ 2022ರಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಫೈನಲ್ ಗೆದ್ದು ಲೀಗಿನ ಬಟ್ಟಲನ್ನೂ ಎತ್ತಿತು. 2025ರಲ್ಲಿ ಅದನ್ನು ದೆಹಲಿಗೆ ಸಾಗಿಸಿ ಸ್ಪೋರ್ಟಿಂಗ್ ಕ್ಲಬ್ ದೆಹಲಿ ಮಾಡಿದರು. ತಂಡ ಕಳೆದುಕೊಂಡಿದ್ದ ದೆಹಲಿಗೆ ಇನ್ನೊಂದೂರು ಕಳೆದುಕೊಂಡ ತಂಡ ಸಿಕ್ಕಿತು. ಸಂತೆಯಲ್ಲಿ ದನದ ಹಗ್ಗ ಕೈ ಬದಲಾಯಿಸಿದಷ್ಟೇ ಸಲೀಸು. ಗ್ಯಾಲರಿಯಲ್ಲಿ ಗಂಟಲು ಹರಿದುಕೊಂಡ ಹುಡುಗರಿಗೆ ಆ ವ್ಯವಹಾರದಲ್ಲಿ ಯಾವ ಪಾಲೂ ಇಲ್ಲ.

ಹಾಗಾದರೆ ತಂಡ ಯಾರದು? ಮಣ್ಣಿನದು, ಆಯಾ ಊರಿನದು, ಪರಂಪರೆಯದು ಅಂತ ಕೆಲವರು ಥಟ್ಟನೆ ಹೇಳಿಬಿಡುತ್ತಾರೆ. ಈ ಉತ್ತರದ ಬಗ್ಗೆ ನಮಗೆ ಗುಮಾನಿಯಿದೆ. ಮಣ್ಣು, ವಂಶ, ಪರಂಪರೆ ಎಂಬ ಮಾತುಗಳನ್ನು ಜನರನ್ನು ಹೊರಗಿಡಲು ಹೇಗೆ ಬಳಸುತ್ತಾರೆ ಎಂಬುದು ನಮಗೆ ಯಾರೂ ಪಾಠ ಹೇಳಬೇಕಾದ ಸಂಗತಿಯಲ್ಲ. ಮಿಲ್ಟನ್ ಕೀನ್ಸ್ 1967ರಲ್ಲಿ ಸರ್ಕಾರ ಗುರುತಿಸಿ ಕಟ್ಟಿಸಿದ ಹೊಸ ಊರು. ಲಂಡನ್ನಿನ ಇಕ್ಕಟ್ಟಿನಿಂದ ಮನೆ ಹುಡುಕಿಕೊಂಡು ಬಂದ ಎಷ್ಟೋ ಕುಟುಂಬಗಳು ಅಲ್ಲಿ ನೆಲೆಸಿದವು. ಹಳೆಯ ಊರಿನವರಿಗೆ ಮಾತ್ರ ತಂಡ ಇರಬೇಕು, ಹೊಸ ಊರಿನವರು ಪ್ರೇಕ್ಷಕರಾಗಿಯೇ ಸಾಯಬೇಕು ಅನ್ನುವುದು ನ್ಯಾಯವಲ್ಲ. 2007ರಲ್ಲಿ ಅಲ್ಲಿ ಹೊಸ ಮೈದಾನ ತೆರೆದಾಗ ಅಪ್ಪನ ಕೈ ಹಿಡಿದು ಬಂದ ಮಗುವಿನ ಪ್ರೀತಿ ಸುಳ್ಳು ಪ್ರೀತಿಯೆ? ಒಡೆಯನ ತಪ್ಪನ್ನು ಆ ಮಗುವಿನ ತಲೆಗೆ ಕಟ್ಟಲು ನಮಗೆ ಮನಸ್ಸಿಲ್ಲ.

ನಮಗೆ ಹತ್ತಿರವಾದ ಉತ್ತರ ನಮ್ಮಲ್ಲೇ ಇದೆ. 1974ರಲ್ಲಿ ದೇವರಾಜ ಅರಸರ ಸರ್ಕಾರ ಭೂಸುಧಾರಣೆ ತಂದಾಗ ಹಳ್ಳಿಹಳ್ಳಿಯಲ್ಲಿ ಕೇಳಿಬಂದ ಮಾತು: ಉಳುವವನೇ ಹೊಲದೊಡೆಯ. ಪಹಣಿಯಲ್ಲಿ ಹೆಸರಿರೋದು ಒಬ್ಬನದು, ಹೊಲದಲ್ಲಿ ಬೆವರಿರೋದು ಇನ್ನೊಬ್ಬನದು ಎಂಬುದನ್ನು ಕಾನೂನೇ ಒಪ್ಪಿಕೊಂಡ ಗಳಿಗೆ ಅದು. ಹಕ್ಕು ಹುಟ್ಟುವುದು ಮಣ್ಣಿನ ಪೂಜೆಯಿಂದಲ್ಲ, ಖರೀದಿಯ ರಸೀದಿಯಿಂದಲೂ ಅಲ್ಲ. ಅದು ಗೇಯ್ಮೆಯಿಂದ ಹುಟ್ಟುತ್ತದೆ.

ನೇಗಿಲ ಓಣಿಯ ಜನ ಗೇಯ್ದು ತೋರಿಸಿದರು. ಆಯೋಗದ ತೀರ್ಪು ಬಂದ ಕೆಲವೇ ದಿನಗಳಲ್ಲಿ ಅವರು ಎ.ಎಫ್.ಸಿ. ವಿಂಬಲ್ಡನ್ ಎಂಬ ಹೊಸ ತಂಡ ಹುಟ್ಟುಹಾಕಿದರು. ಆಟಗಾರರೇ ಇರಲಿಲ್ಲ. ಬಯಲಿನಲ್ಲಿ ಪರೀಕ್ಷೆ ಇಟ್ಟು, ಬನ್ನಿ ಅಂತ ಕರೆದರು. ಇನ್ನೂರಮೂವತ್ತು ಜನ ಬಂದರು. ಜುಲೈನಲ್ಲಿ ಆಡಿದ ಮೊದಲ ಪಂದ್ಯವನ್ನು 4-0ರಿಂದ ಸೋತರು. ಆ ಸೋಲನ್ನು ನೋಡಲು ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಏಣಿಯ ಒಂಬತ್ತನೆಯ ಮೆಟ್ಟಿಲಿನಿಂದ ಶುರುಮಾಡಿ, ಒಂಬತ್ತು ವರ್ಷ ಹತ್ತಿ, 2011ರಲ್ಲಿ ರಾಷ್ಟ್ರಮಟ್ಟದ ಲೀಗಿನೊಳಕ್ಕೆ ಮತ್ತೆ ಬಂದರು. ತಂಡದ ಒಡೆತನವನ್ನು ಅಭಿಮಾನಿಗಳ ಟ್ರಸ್ಟಿಗೆ ಕೊಟ್ಟರು. ಹಣ ಎಷ್ಟೇ ಹಾಕಿರಲಿ, ಟ್ರಸ್ಟಿನಲ್ಲಿ ಒಬ್ಬರಿಗೆ ಒಂದೇ ಮತ. ಹಳೆಯ ಬಟ್ಟಲುಗಳ ಗೌರವವನ್ನು ಮಿಲ್ಟನ್ ಕೀನ್ಸ್‌ನವರೇ ಬಿಟ್ಟುಕೊಟ್ಟು, 2007ರಲ್ಲಿ ವಿಂಬಲ್ಡನ್ ಇರುವ ಮರ್ಟನ್ ಪ್ರದೇಶದ ಸ್ಥಳೀಯ ಸಂಸ್ಥೆಗೆ ಒಪ್ಪಿಸಿದರು. ಲಾರಿಯಲ್ಲಿ ಚರಿತ್ರೆ ಬರುವುದಿಲ್ಲ ಎಂಬುದನ್ನು ಕೊನೆಗೆ ಅವರೂ ಒಪ್ಪಿದಂತಾಯಿತು.

ಹಳೆಯ ಮೈದಾನದ ಕೂಗಳತೆಯಲ್ಲೇ ಹೊಸ ಪ್ಲೌ ಲೇನ್ ಎದ್ದಿತು. ಕಟ್ಟಲು ಹಣ ಸಾಲದೆ ಬಂದಾಗ ಹೊರಗಿನ ಸಾಹುಕಾರರಿಗೆ ಪಾಲು ಮಾರೋಣವೆ ಎಂಬ ಮಾತು ಎದ್ದಿತ್ತು. ಅಭಿಮಾನಿಗಳು ಸಾಲಪತ್ರ ಕೊಂಡು 50 ಲಕ್ಷ ಪೌಂಡಿಗೂ ಹೆಚ್ಚು ಹಣ ಕೂಡಿಸಿದರು. 2020ರ ನವೆಂಬರ್ 3ರಂದು, ಇಪ್ಪತ್ತೊಂಬತ್ತು ವರ್ಷಗಳ ಮೇಲೆ, ಅಲ್ಲಿ ಮೊದಲ ಪಂದ್ಯ ನಡೆಯಿತು. ಕೊರೋನಾ ಕಾಲವಾದ್ದರಿಂದ ಒಳಗೆ ಪ್ರೇಕ್ಷಕರೇ ಇರಲಿಲ್ಲ. ಕಟ್ಟಿದವರೆಲ್ಲ ಮನೆಯಲ್ಲಿ ಕೂತಿದ್ದರು.

ಇಲ್ಲಿಗೆ ಕಥೆ ನಿಲ್ಲಿಸಿ ಜಯಕಾರ ಹಾಕಿದರೆ ನಮಗೆ ಹಿತವಾಗಿಯೇ ಇರುತ್ತದೆ. ಆದರೆ ಇದರೊಳಗೆ ಇನ್ನೊಂದು ತಂಡವಿದೆ, ಅದರ ಹೆಸರು ಕಿಂಗ್‌ಸ್ಟೋನಿಯನ್. ಲಂಡನ್ನಿನ ಕಿಂಗ್‌ಸ್ಟನ್ ಭಾಗದ ಸಣ್ಣ ತಂಡ. 1989ರಲ್ಲಿ ತೆರೆದ ಕಿಂಗ್ಸ್‌ಮೆಡೋ ಎಂಬ ಮೈದಾನ ಅವರದಾಗಿತ್ತು. ಹಣದ ಮುಗ್ಗಟ್ಟಿಗೆ ಸಿಕ್ಕಿ ಅದನ್ನು ಕಳೆದುಕೊಂಡರು. 2003ರಲ್ಲಿ ಅದು ವಿಂಬಲ್ಡನ್ ಅಭಿಮಾನಿಗಳ ತಂಡದ ಕೈಗೆ ಬಂತು. ಅವರು ಕಿಂಗ್‌ಸ್ಟೋನಿಯನ್ ತಂಡವನ್ನು ಹೊರಹಾಕದೆ ಕಡಿಮೆ ಬಾಡಿಗೆಗೆ ಇರಗೊಟ್ಟರು. ಅಲ್ಲಿಯವರೆಗೆ ಸರಿ. ಆದರೆ ಪ್ಲೌ ಲೇನಿಗೆ ಹಣ ಬೇಕಾದಾಗ ಆ ಮೈದಾನವನ್ನು ಸಿರಿವಂತ ಚೆಲ್ಸಿ ತಂಡಕ್ಕೆ ಮಾರಿದರು. ಕಿಂಗ್‌ಸ್ಟೋನಿಯನ್‌ಗೆ ನೆರವಿನ ಹಣದ ಮಾತೂ ಆಯಿತು. ಆದರೂ 2017ರಲ್ಲಿ ಆ ತಂಡ ಗಂಟುಮೂಟೆ ಕಟ್ಟಿತು. ಆಮೇಲಿನ ವರ್ಷಗಳಲ್ಲಿ ಬೇರೆಯವರ ಮೈದಾನಗಳಲ್ಲಿ ಬಾಡಿಗೆಗೆ ಆಡಿತು.

ಮನೆ ಕಳೆದುಕೊಂಡವರು ಮನೆಗೆ ಮರಳುವ ದಾರಿಯಲ್ಲಿ ಇನ್ನೊಬ್ಬರ ಮನೆ ಹೋಯಿತು. ಭೂಸುಧಾರಣೆಯಲ್ಲೂ ಗೇಣಿದಾರನಿಗೆ ಹೊಲ ಬಂತು, ಅದೇ ಹೊಲದಲ್ಲಿ ಬೆನ್ನು ಬಗ್ಗಿಸಿದ ಎಷ್ಟೋ ಕೂಲಿಯಾಳುಗಳ ಕೈ ಬರಿದಾಗೇ ಉಳಿಯಿತು. ಇದನ್ನು ಹೇಳಿದರೆ ವಿಂಬಲ್ಡನ್ ಜನರ ಹೋರಾಟ ಸಣ್ಣದಾಗುತ್ತದೆಯೆ? ನಮ್ಮ ಪ್ರಕಾರ ಇಲ್ಲ. ನಾರ್ವೆಯ ಹಣವಂತರನ್ನೂ ಇವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಆದರೆ ನೋವು ಉಂಡ ಮಾತ್ರಕ್ಕೆ ನಾವು ಮಾಡಿದ್ದೆಲ್ಲ ನ್ಯಾಯವಾಗುವುದಿಲ್ಲ. ನೋವು ಉಂಡವರಿಗೆ ಒಂದು ತಿಳಿವಳಿಕೆ ಮಾತ್ರ ಸಿಕ್ಕಿರುತ್ತದೆ: ಕೇಳದೆ ಎತ್ತಿ ಒಯ್ದರೆ ಹೇಗಿರುತ್ತದೆ ಎಂಬುದು. ಆ ತಿಳಿವಳಿಕೆಯನ್ನು ತನಗಿಂತ ಸಣ್ಣವನ ಎದುರು ಬಳಸುತ್ತಾನೊ ಇಲ್ಲವೊ ಎಂಬುದರಲ್ಲಿ ಮನುಷ್ಯನ ಪರೀಕ್ಷೆ ಇದೆ.

ಆದ್ದರಿಂದ ಗೆಳೆಯರೆ, ಒಂದು ತಂಡವೋ ಶಾಲೆಯೋ ಸಂಘಟನೆಯೋ ಜಾಗ ಬದಲಿಸುತ್ತದೆ, ಹೆಸರು ಬದಲಿಸುತ್ತದೆ ಅಂದಾಗ ನಾವು ಮೂರು ಪ್ರಶ್ನೆ ಕೇಳೋಣ. ಕಟ್ಟಿದವರನ್ನು ಕೇಳಿದಿರಾ? ಅವರು ಬೇಡ ಅಂದರೆ ನಿಲ್ಲಿಸುತ್ತೀರಾ? ಈ ಬದಲಾವಣೆಯಲ್ಲಿ ಎಲ್ಲರಿಗಿಂತ ಕೆಳಗೆ ಬಾಡಿಗೆಗೆ ಇರುವವನು ನಾಳೆ ಎಲ್ಲಿಗೆ ಹೋಗಬೇಕು? ಮೊದಲ ಎರಡು ಪ್ರಶ್ನೆಯನ್ನು ಒಡೆಯನಿಗೆ ಕೇಳಲು ಧೈರ್ಯ ಬೇಕು. ಮೂರನೆಯದನ್ನು ನಮಗೆ ನಾವೇ ಕೇಳಿಕೊಳ್ಳಬೇಕು. ಅದಕ್ಕೆ ಇನ್ನೂ ಹೆಚ್ಚಿನ ಧೈರ್ಯ ಬೇಕು.