ಹಗಲುಗನಸೋ, ದರ್ಶನವೋ?

ಯೌವನಸ್ಥರ ಕೂಟದಲ್ಲಿ ಒಬ್ಬ ತಮ್ಮ ಕೇಳಿದ: "ಪಾಸ್ಟರ್, ಕೆಲಸ ಬಿಟ್ಟು ಪೂರ್ಣಾವಧಿ ಸೇವೆಗೆ ಬರಬೇಕು ಅಂತಿದ್ದೀನಿ. ಮನೇಲಿ ಹಗಲುಗನಸು ಕಾಣಬೇಡ ಅಂತಾರೆ. ಇದು ದರ್ಶನಾನಾ, ಹಗಲುಗನಸಾ, ಹೇಗೆ ತಿಳ್ಕೊಳ್ಳೋದು?"

ಹಗಲು, ಕನಸು ಎರಡೂ ಒಳ್ಳೆಯ ಪದಗಳೇ. ಸೇರಿದ ಕೂಡಲೇ 'ಕ' ಹೋಗಿ 'ಗ' ಬರುತ್ತೆ (ಆದೇಶ ಸಂಧಿ, ಶಾಲೆಯಲ್ಲಿ ಕಲಿತಿದ್ದೀವಿ), ಜೊತೆಗೆ ಒಂದು ಬೈಗುಳವೂ ಬಂದು ಅಂಟಿಕೊಳ್ಳುತ್ತೆ. ರಾತ್ರಿ ಕನಸಿಗೆ ಯಾರೂ ಬಯ್ಯಲ್ಲ. ಹಗಲು ದುಡಿಯೋ ಹೊತ್ತು ಅಲ್ವಾ, ಅದಕ್ಕೇ. ಬಾಡಿಗೆ ಮನೆಯ ಹುಡುಗಿ ಡಾಕ್ಟರ್ ಆಗ್ತೀನಿ ಅಂದ್ರೆ ಹಗಲುಗನಸು, ಓನರ್ ಮಗಳು ಅದನ್ನೇ ಅಂದ್ರೆ ಗುರಿ. ಸಭೆಯಲ್ಲೂ ಹೀಗೇ. ನಮಗೆ ಬಂದ್ರೆ ದರ್ಶನ, ಪಕ್ಕದವನಿಗೆ ಬಂದ್ರೆ ಹಗಲುಗನಸು. ಹಾಗಾಗಿ ಬೇರೆಯವರು ಯಾವ ಪದ ಬಳಸಿದ್ರು ಅನ್ನೋದರಿಂದ ಇದು ತೀರ್ಮಾನ ಆಗಲ್ಲ.

ಗಡಿಯಾರ ನೋಡಿಯೂ ಆಗಲ್ಲ. ಅಪೊಸ್ತಲರ ಕೃತ್ಯಗಳು 10 ತೆಗೀರಿ. ಯೊಪ್ಪ ಊರು, ಮಾಳಿಗೆ ಮೇಲೆ ಪೇತ್ರ, ನಡು ಮಧ್ಯಾಹ್ನ. ಹೊಟ್ಟೆ ಹಸಿದಿದೆ, ಕೆಳಗೆ ಅಡುಗೆ ಆಗ್ತಿದೆ. ಆಕಾಶದಿಂದ ದೊಡ್ಡ ಬಟ್ಟೆ ಇಳಿಯುತ್ತೆ, ತುಂಬಾ ಪ್ರಾಣಿಗಳು. ನಮ್ಮಮ್ಮ ಆಗಿದ್ರೆ, ಹಸಿದ್ರೆ ಇಂಥದ್ದೇ ಕಾಣೋದು ಅಂತಿದ್ರು! ಆದರೆ ಅಲ್ಲಿದ್ದದ್ದು ಅವನು ಹುಟ್ಟಿದಾಗಿನಿಂದ ಬಾಯಿಗಿಡದ ಪದಾರ್ಥ. ತಿನ್ನಲ್ಲ ಅಂದ. ಮೂರು ಸಲ ಅದೇ ನಡೀತು.

ನಮ್ಮ ಹಗಲುಗನಸಲ್ಲಿ ಹೀಗಾಗುತ್ತಾ? ಸಿಲ್ಕ್ ಬೋರ್ಡ್ ಸಿಗ್ನಲ್ಲಲ್ಲಿ ಬಸ್ ನಿಂತಾಗ ಕಾಣೋದೇನು? ದೊಡ್ಡ ಸ್ಟೇಜು, ಕೈಯಲ್ಲಿ ಮೈಕು, ಸಾವಿರಾರು ಜನ. ಅವರಲ್ಲಿ ಒಬ್ಬರೂ ಎದುರು ಮಾತಾಡಲ್ಲ. ಲೂಕ 12ರ ಐಶ್ವರ್ಯವಂತನೂ ಹಾಗೇ. ಕಣಜ ಕೆಡವಿ ದೊಡ್ಡದು ಕಟ್ಟೋ ಯೋಜನೆಯನ್ನ ಪೂರಾ ತನ್ನ ಜೊತೆಗೇ ಮಾತಾಡಿ ಮುಗಿಸ್ತಾನೆ. ಕೂಲಿಯಾಳಿಲ್ಲ, ನೆರೆಯವನಿಲ್ಲ. ಮೊದಲು ಕೇಳಿಸೋ ಬೇರೆ ದನಿ ದೇವರದು, ಅದೂ ಆ ರಾತ್ರಿಯೇ ಅವನ ಪ್ರಾಣ ಹೋಗುತ್ತೆ ಅಂತ ಹೇಳೋಕೆ.

ಅದಕ್ಕೇ ಆ ತಮ್ಮನನ್ನ ಕೇಳಿದೆ, "ನಿನ್ನ ಈ ಕನಸಲ್ಲಿ ನಿನಗೆ ಇಷ್ಟವಿಲ್ಲದ ಕೆಲಸ ಯಾವುದಿದೆ? ನಿನಗೆ ಆಗದ ಜನ ಯಾರಿದ್ದಾರೆ?" ಸುಮ್ಮನಾದ. ಉತ್ತರ ಸಿಗೋವರೆಗೆ ರಾಜೀನಾಮೆ ಕಳಿಸಬೇಡ ಅಂದೆ, ಅಷ್ಟೇ. ಸೇವೆಗೆ ಬರಬೇಡ ಅನ್ನಲಿಲ್ಲ.

ಪೇತ್ರ ದರ್ಶನದ ಅರ್ಥ ಯೋಚಿಸ್ತಿದ್ದಾಗಲೇ ಬಾಗಿಲಲ್ಲಿ ಮೂರು ಜನ ಬಂದು ನಿಂತರು. ಕರೆ ಬಂದದ್ದು ಕೈಸರೈಯಕ್ಕೆ, ಶತಾಧಿಪತಿ ಕೊರ್ನೇಲ್ಯನ ಮನೆಗೆ. ಅನ್ಯಜನರ ಮನೆ. ಒಬ್ಬನೇ ಹೋಗದೆ ಆರು ಮಂದಿ ಸಹೋದರರನ್ನ ಕರ್ಕೊಂಡು ಹೋದ. ಯೆರೂಸಲೇಮಿಗೆ ವಾಪಸ್ ಬಂದಾಗ ಯಾರೂ ಶಾಲು ಹೊದಿಸಲಿಲ್ಲ. ಅವರ ಜೊತೆ ಊಟ ಮಾಡಿದ್ದೇಕೆ ಅಂತ ವಾದಕ್ಕೆ ನಿಂತರು. ಮೊದಲಿಂದ ಎಲ್ಲಾ ಒಂದೊಂದಾಗಿ ವಿವರಿಸಬೇಕಾಯ್ತು. ಎದ್ದು ನಿಲ್ಲೋಣ, ಪ್ರಾರ್ಥನೆ ಮಾಡೋಣ.